ಎರಡು ಮಸೂರಗಳು, ಒಂದು ಮುಂಜಾವು

೯ ಫೆಬ್ರವರಿ ೨೦೨೫, ಭಾನುವಾರ, ಬೆಳಗಿನ ಆರು ಗಂಟೆ ಐವತ್ತೆರಡು ನಿಮಿಷ. ಆಧಾರ: ಗೆಳೆಯ ವಸಂತರಾಯರ ಕ್ಯಾಮೆರಾ ಪ್ರತಿ ಚಿತ್ರದೊಡನೆ ತಾನಾಗಿ ಬರೆದಿಟ್ಟ ಮಾಹಿತಿ. ಕ್ಯಾಮೆರಾದ ಗಡಿಯಾರವನ್ನೂ ನಂಬದೆ, ಸೋಲಾಪುರದ ಹೆದ್ದಾರಿಯ ಟೋಲ್ ನಾಕೆಯಲ್ಲಿ ಅವರು ತೆಗೆದ ಚಿತ್ರದ ವೇಳೆಯನ್ನು ನನ್ನ ಮೊಬೈಲಿಗೆ ಬಂದ ಟೋಲ್ ಹಣ ಕಡಿತದ ಸಂದೇಶದೊಡನೆ ತಾಳೆ ನೋಡಿದ್ದೇನೆ, ಎರಡೂ ಒಪ್ಪುತ್ತವೆ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿದವನ ಈ ಚಟವನ್ನು, ಓದುಗ ಮಿತ್ರರೇ, ನೀವು ಸಹಿಸಿಕೊಳ್ಳಬೇಕು.

ಮೊನ್ನೆಯವರೆಗೆ ನನ್ನ ಮೇಜಿನ ಮೇಲೆ ಹಳೆಯ ಇಳಕಲ್ ಸೀರೆಯಿಂದ ಹೊಲಿದ ಎರಡು ಚೀಲಗಳಿದ್ದವು; ಒಂದೊಂದರಲ್ಲೂ ದೂರದ ಹಕ್ಕಿಯನ್ನು ಹತ್ತಿರ ಎಳೆಯುವ ಒಂದು ಮಸೂರ. ಎರಡರ ವ್ಯಾಪ್ತಿಯೂ ಎಪ್ಪತ್ತರಿಂದ ಇನ್ನೂರು ಮಿಲಿಮೀಟರ್. ಎರಡೂ ಮಬ್ಬು ಬೆಳಕಿನಲ್ಲಿ ಕಣ್ಣನ್ನು ಅಗಲವಾಗಿ ತೆರೆಯಬಲ್ಲವು. ಹಳೆಯದು ಒರಳಿನ ಗುಂಡಿನಷ್ಟು ಭಾರ. ಹೊಸದು ಹಗುರ, ಹಿಡಿದವರ ಕೈ ನಡುಗಿದರೆ ಎದುರು ದಿಕ್ಕಿಗೆ ಸರಿದು ಚಿತ್ರವನ್ನು ನಿಲ್ಲಿಸುವ ತೇಲುಗಾಜು ಅದರೊಳಗಿದೆ. ಒಂದೇ ಹಕ್ಕಿಯನ್ನು ಒಂದೇ ಜಾಗದಿಂದ ಸರದಿಯಂತೆ ಎರಡರಿಂದಲೂ ತೆಗೆದು ನೋಡುವವರೆಗೆ ಯಾವ ಮಸೂರವನ್ನೂ ನಂಬಬಾರದೆಂಬುದು ವಸಂತರಾಯರ ಪದ್ಧತಿಯಾಗಿತ್ತು.

ಆ ಫೆಬ್ರವರಿಯ ಕೊನೆಗೆ ಅವರು ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಿಂದ ಎಚ್ಚರಾಗದೆ ಹೋದರು. ಗಡ್ಡೆಯ ಸಂಗತಿ ನಮಗೆ ಗೊತ್ತಾದದ್ದೇ ಆಸ್ಪತ್ರೆಗೆ ಸೇರಿಸಿದ ಮೇಲೆ. ಈಚೆಗೆ ಅವರ ಪತ್ನಿ, ಧಾರವಾಡದ ವಿಮಲಾಬಾಯಿ, ಎರಡೂ ಚೀಲಗಳನ್ನು ನನ್ನ ಮುಂದಿಟ್ಟರು.

“ಮಗರಪಟ್ಟಾದಾಗ ಮಗಳ ಮನ್ಯಾಗ ನನಗ ಸಿಗೂದು ಒಂದ ಕಪಾಟ್ರೀ. ಕಡೀ ಫೋಟೋ ಯಾವುದರಿಂದ ತಗದಾರ ಹೇಳ್ರಿ, ಅದನ್ನ ಇಟಗೋತೀನಿ. ಇನ್ನೊಂದು ಪಕ್ಷಿ ನೋಡೋ ಮಂದಿಗೆ ಹೋಗ್ಲಿ.”

“ಹಳೆಯದರಿಂದಲೇ,” ಎಂದೆ.

“ತಾರೀಖು ನೋಡಲಾರದ ಹೇಳಾಕತ್ತೀರಿ? ಮೈಯಾಗ ಆರಾಮ ಅದ ಇಲ್ಲೋ?”

ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆ ಭಾನುವಾರ ಇಂದಾಪುರದ ಕಡೆಯ ಹಿನ್ನೀರಿನಲ್ಲಿ, ಮಂಜಿನ ನಡುವೆ, ನಾನು ಅವರ ಪಕ್ಕದಲ್ಲೇ ದೋಣಿಯಲ್ಲಿ ಕುಳಿತಿದ್ದೆ. ರಾಜಹಂಸಗಳ ಹಿಂಡು ನೀರನ್ನು ತುಳಿಯುತ್ತ ಮೇಲೆದ್ದಾಗ ಆ ಭಾರದ ಮಸೂರವನ್ನು ಹಿಡಿದ ಕೈ ಕಲ್ಲಿನಂತಿತ್ತೆಂದು ಸಂತಾಪಸಭೆಯಲ್ಲೂ ಹೇಳಿದ್ದೆ. ಆದರೂ ಚೀಲಗಳೊಡನೆ ಕ್ಯಾಮೆರಾದ ಕಾರ್ಡನ್ನೂ ಮನೆಗೆ ತಂದು ನೋಡಿದೆ.

ಹಳೆಯ ಮಸೂರದ ಚಿತ್ರಗಳಲ್ಲಿ ಹಕ್ಕಿಯಿಲ್ಲ, ಒರೆಸಿದ ಕುಂಕುಮದಂಥ ಗೀರುಗಳಿವೆ. ಹಿಂದಿನ ಚಳಿಗಾಲದಲ್ಲಿ ಇದೇ ಮಸೂರ, ಇಂಥದೇ ಬೆಳಕಿನಲ್ಲಿ, ರೆಕ್ಕೆಯ ಅಂಚನ್ನು ಕೂದಲೆಳೆಯಷ್ಟು ನಿಖರವಾಗಿ ಹಿಡಿದಿತ್ತು. ಆಮೇಲೆ, ಆರು ಐವತ್ತೆರಡಕ್ಕೆ, ಹೊಸದರಿಂದ ಒಂದು ಚಿತ್ರ: ಗರಿಗರಿಯೂ ನಿಚ್ಚಳ. ಅದರ ನಂತರ ಏನೂ ಇಲ್ಲ. ಹೋಲಿಕೆ ಅಲ್ಲಿಗೇ ಮುಗಿದಿತ್ತು. ದೋಷ ಯಾವ ಗಾಜಿನದೂ ಅಲ್ಲವೆಂದು ಅವರಿಗೆ ಆ ಒಂದು ಚಿತ್ರದಿಂದಲೇ ತಿಳಿದುಹೋಗಿರಬೇಕು. ಮಸೂರ ಬದಲಿಸಿದ್ದನ್ನಾಗಲಿ, ಬದಲಿಸಿದ ಕೈಯನ್ನಾಗಲಿ ನಾನು ಕಾಣಲಿಲ್ಲ. ನಾನು ಹಕ್ಕಿಗಳನ್ನು ನೋಡುತ್ತಿದ್ದೆ. ಇಂಥ ಮಸೂರಗಳ ಗುಣವೇ ಅದು: ಕಣ್ಣನ್ನು ಅಗಲಿಸಿದಷ್ಟೂ ಒಂದು ತೆಳು ಪದರ ಮಾತ್ರ ಸ್ಪಷ್ಟವಾಗಿ ಉಳಿದು, ಅದಕ್ಕೆ ಮೊಳದಷ್ಟು ಸಮೀಪದಲ್ಲಿರುವುದೂ ಕರಗಿಹೋಗುತ್ತದೆ. ಸ್ನೇಹವೂ ಹೀಗೆ ನೋಡುತ್ತದೆಯೆಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ವಿಮಲಾಬಾಯಿಗೆ ಎರಡೂ ಬಗೆಯ ಚಿತ್ರಗಳನ್ನು ತೋರಿಸಿ, ಕೊನೆಯದು ಹೊಸದರಿಂದ ತೆಗೆದದ್ದೆಂದು ಹೇಳಿದೆ. ಅವರು ಮಸುಕಾದ ಗೀರುಗಳನ್ನೇ ಬಹಳ ಹೊತ್ತು ನೋಡಿದರು.

“ಮುಂಜಾನೆ ಅವರ ಕೈಯಾಗ ಚಾದ ಕಪ್ಪು-ಬಸಿ ಕಟಕಟ ಅಂತಿತ್ರೀ. ಥಂಡಿ ಭಾಳ ಅದ ಅಂತ ನಗತಿದ್ರು. ಹೊಸದು ಅವರಂಗ ಮುಚ್ಚಿಟ್ಟದ ನೋಡ್ರಿ. ನನಗ ಹಳೇದ ಕೊಡ್ರಿ.”

ಈಗ ಮೇಜಿನ ಮೇಲೆ ಒಂದೇ ಚೀಲವಿದೆ, ಹಗುರವಾದದ್ದು. ನನ್ನ ನೆನಪಿನಲ್ಲಿ ಹಕ್ಕಿಗಳು ಇಂದಿಗೂ ಏಳುತ್ತವೆ, ವಸಂತರಾಯರ ಕೈ ಅಲುಗುವುದಿಲ್ಲ. ದಾಖಲೆ: ಅದೇ ದಿನ, ಆರು ನಲವತ್ತೊಂದರಿಂದ ಆರು ಐವತ್ತರವರೆಗೆ, ಹಳೆಯ ಮಸೂರ, ಎಲ್ಲ ಚಿತ್ರಗಳೂ ಅಲುಗಿವೆ.