ನಾನು ಬರೆಯದ ನಾಲ್ಕನೇ ನಂಬರ್

ನಗುವವರು ನಗಲಿ. ನಾನು ದೆವ್ವ-ಭೂತಕ್ಕೆ ಅಂಜುವವಳಲ್ಲ. ನಮ್ಮೂರು ರಾಯಿಕೋಡಿನಲ್ಲಿ ಸ್ಮಶಾನದ ಪಕ್ಕದ ದಾರಿಯಲ್ಲೇ ಹೈಸ್ಕೂಲಿಗೆ ನಡೆದು ಓದಿದವಳು. ಆದರೂ ಆ ರಾತ್ರಿ ನಡೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಜಹೀರಾಬಾದಿನ ಹೊರಗೆ, ಹೆದ್ದಾರಿಯ ಪಕ್ಕ, ಕುರಿಗಳ ನೀಲಿ ನಾಲಿಗೆ ರೋಗಕ್ಕೆ ಲಸಿಕೆ ಮಾಡುವ ಸಣ್ಣ ಕಂಪನಿಯಲ್ಲಿ ನಾನು ಟೆಕ್ನಿಷಿಯನ್. ಗಾಜಿನ ಬಾಟಲಿಗಳಲ್ಲಿ ಜೀವಕೋಶ ಬೆಳೆಸುತ್ತೇವೆ. ಅವಕ್ಕೆ ವೈರಸ್ ಹಾಕುತ್ತೇವೆ. ಎರಡು ದಿನದಲ್ಲಿ ಕೋಶಗಳು ಸತ್ತು ತೇಲುತ್ತವೆ, ಆ ದ್ರವ ಲಸಿಕೆಗೆ ಹೋಗುತ್ತದೆ. ವೈರಸ್ ಸೋಕದ ಮೂಲ ಕೋಶಗಳು ಮಾತ್ರ ಬೇರೆ ಕೋಣೆಯಲ್ಲಿ, ತಾಂಡೂರಿನ ಶರಣಮ್ಮಕ್ಕನ ಸುಪರ್ದಿನಲ್ಲಿ. ಗಂಡನಿಲ್ಲದ ಅಕ್ಕನಿಗೂ ಆಕೆಯ ಮಗಳಿಗೂ ಆ ಕೋಣೆಯೇ ಅನ್ನ.

ಒಂದು ಸಲ ನನ್ನ ಬಾಟಲಿಯಲ್ಲಿ ಎಲ್ಲ ಸತ್ತರೂ ನಾಲ್ಕಾರು ಕೋಶಗಳು ಗಾಜಿಗೆ ಅಂಟಿಕೊಂಡೇ ಉಳಿದವು. ನಿಯಮದಂತೆ ಅದನ್ನು ಬ್ಲೀಚಿನಲ್ಲಿ ಮುಳುಗಿಸಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಮೊಸರಿನ ಗಡಿಗೆಯನ್ನು ಪೂರ್ತಿ ಬಳಿಯುವುದಿಲ್ಲ, ಹೆಪ್ಪಿಗೆ ಒಂದಿಷ್ಟು ಉಳಿಸಲೇಬೇಕು. ಇಲ್ಲದಿದ್ದರೆ ಮನೆಯ ಸಿರಿ ಹೋಗುತ್ತದೆ ಎನ್ನುತ್ತಾಳೆ ಅವ್ವ. ನನ್ನ ಕೈಗೂ ಅದೇ ರೂಢಿ. ಕೋಶಗಳಿಗೆ ಉಣಿಸುವ ಹೊಸ ದ್ರವ ಹಾಕಿ, ಸಾಹೇಬರ ಕಣ್ಣಿಗೆ ಬೀಳಬಾರದೆಂದು ಅಕ್ಕನ ಕೋಣೆಯ ಕೆಳಗಿನ ಹಲಗೆಯಲ್ಲಿ ಬಚ್ಚಿಟ್ಟೆ. ಎಂಥ ಜಾಣೆ ನೋಡಿ ನಾನು!

ಮೂರು ವಾರದಲ್ಲಿ ಬಾಟಲಿ ತುಂಬಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದಕ್ಕಿಂತ ಒಂದು ಲಕ್ಷಣವಾದ ಕೋಶಗಳು. ಸಾವನ್ನೇ ಗೆದ್ದಿವೆ ಎಂದು ಹಿಗ್ಗಿದೆ. ಕೋಶಗಳನ್ನು ಹೊಸ ಬಾಟಲಿಗೆ ದಾಟಿಸಿದಾಗಲೆಲ್ಲ ಅದರ ಮೇಲೆ ಎಷ್ಟನೆಯ ಸಲ ಎಂಬ ನಂಬರ್ ಬರೆಯುವುದು ನಮ್ಮ ಪದ್ಧತಿ. ನಾನು ಒಂದು, ಎರಡು, ಮೂರು ಬರೆದೆ.

ಅಷ್ಟರಲ್ಲಿ ಅಕ್ಕನ ಬಾಟಲಿಗಳು ಒಂದೊಂದಾಗಿ ಸಾಯತೊಡಗಿದವು...

ಅಕ್ಕ ಹುಡುಕಿ ಹುಡುಕಿ ನನ್ನ ಬಾಟಲಿಯನ್ನು ಹೊರತೆಗೆದಳು. ಅದರ ದ್ರವವನ್ನು ಒಳ್ಳೆಯ ಕೋಶಗಳ ಮೇಲೆ ಹಾಕಿ ನೋಡಿದಳು. ಎರಡೇ ದಿನಕ್ಕೆ ಅವೆಲ್ಲ ತೇಲಿದವು. ಆಕೆ ಬೈಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

"ಸತ್ತಿದ್ರ ಗೊತ್ತಾಗ್ತಿತ್ತು ತಂಗಿ," ಎಂದಳು ಮೆಲ್ಲಗೆ. "ಇವು ರೋಗ ಹೊಟ್ಟ್ಯಾಗ ಇಟ್ಕೊಂಡು ಚಂದಾಗಿ ಬದುಕ್ಯಾವ. ಇವತ್ತ ರಾತ್ರಿ ಮುಗಿಸಿಬಿಡು. ನನ್ನ ಹಂತ್ಯಾಕ ಇನ್ನೊಂದೇ ಒಂದು ಚಲೋ ಬಾಟ್ಲಿ ಅದ. ಅದೂ ಹೋದ್ರ ನಾನೂ ಹೋದಂಗೇ."

ಆ ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ. ಗೇಟಿನಲ್ಲಿ ನಾರಾಯಣಖೇಡದ ವಾಚ್‌ಮನ್ ಕಾಕಾ. ಅಕ್ಕನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಮೂರನೇ ನಂಬರಿನ ಬಾಟಲಿಯನ್ನು ಬ್ಲೀಚಿನಲ್ಲಿ ಮುಳುಗಿಸಿದೆ, ಆಮೇಲೆ ಹಬೆಯಲ್ಲಿ ಬೇಯಿಸಿದೆ. ಕೈ ತೊಳೆದು ಕೂತೆ.

ಎರಡು ಗಂಟೆಯ ಸುಮಾರಿಗೆ ಕರೆಂಟ್ ಹೋಯಿತು. ಸದಾ ಗರ್‌ಗರ್ ಎನ್ನುವ ಯಂತ್ರಗಳು ನಿಂತವು. ಕಿವಿಯಲ್ಲಿ ನನ್ನ ಉಸಿರೊಂದೇ... ಆಗ ಬಂತು ವಾಸನೆ. ಬ್ಲೀಚಿನದಲ್ಲ. ಹಾಲು ತಳಹಿಡಿದ ವಾಸನೆ. ಹಿಂದೆಯೇ, ಅಕ್ಕನ ಕೋಣೆಯೊಳಗೆ ಗಾಜಿಗೆ ಗಾಜು ತಾಗಿದ ಸದ್ದು.

ಟಣ್... ಟಣ್...

"ಯಾರ್ರೀ ಅದು?" ಎಂದೆ.

ಜನರೇಟರ್ ಶುರುವಾದ ಮೇಲೆ, ಜೀವ ಕೈಯಲ್ಲಿ ಹಿಡಿದುಕೊಂಡು ಬೀಗ ತೆಗೆದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಲಿನ ಹಲಗೆಯಲ್ಲಿ ಅಕ್ಕನ ಕೊನೆಯ ಬಾಟಲಿ, ಅದರ ಮುಚ್ಚಳ ಸಡಿಲವಾಗಿತ್ತು. ಅದಕ್ಕೆ ಒತ್ತಿಕೊಂಡು ಇನ್ನೊಂದು ಬಾಟಲಿ ನಿಂತಿತ್ತು. ಅದರ ತುಂಬಾ ಕೋಶಗಳು. ಮೇಲೆ ಅಂದಿನ ತಾರೀಖು, ನಾಲ್ಕು ಎಂಬ ನಂಬರ್. ಅಕ್ಷರ ನನ್ನದೇ.

ನಾನು ಬರೆದಿರಲಿಲ್ಲ. ಅಂಥ ಬಾಟಲಿ ತುಂಬಲು ಎಷ್ಟೋ ದಿನ ಬೇಕು, ಒಂದು ರಾತ್ರಿ ಸಾಲದು. ಅದನ್ನೂ ಬ್ಲೀಚಿಗೆ ಹಾಕಿದೆ. ಬೆಳಿಗ್ಗೆ ಕಾಕಾನನ್ನು ಕೇಳಿದರೆ, ಗೇಟು ದಾಟಿ ಒಂದು ನಾಯಿಯೂ ಬಂದಿಲ್ಲ ಎಂದ.

ಎರಡು ದಿನಕ್ಕೆ ಅಕ್ಕನ ಕೊನೆಯ ಬಾಟಲಿಯ ಕೋಶಗಳೂ ತೇಲಿದವು. ಸಾಹೇಬರು ಕೇಳಿದಾಗ ಅಕ್ಕ, ಕೋಣೆ ನಂದು, ತಪ್ಪೂ ನಂದೇ ಎಂದಳಂತೆ. ನನ್ನ ಹೆಸರೆತ್ತಲಿಲ್ಲ. ಆಕೆಯನ್ನು ಕೆಲಸದಿಂದ ತೆಗೆದರು. ಆ ನಾಲ್ಕನೇ ನಂಬರಿನ ಬಾಟಲಿಯ ವಿಷಯ ಹೇಳಿದ್ದರೆ ಆಕೆ ಉಳಿಯುತ್ತಿದ್ದಳು. ಆದರೆ ಅದರ ಮೇಲಿದ್ದದ್ದು ನನ್ನ ಅಕ್ಷರ. ನಾನು ಬಾಯಿ ಬಿಡಲಿಲ್ಲ.

ಅಕ್ಕ ಹೊರಡುವ ದಿನ ತಾಂಡೂರಿನ ಬಸ್ಸಿಗೆ ಚೀಲ ಹೊತ್ತು ಕಳಿಸಲು ಹೋಗಿದ್ದೆ. ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ ಕೇಳಿದಳು.

"ಖರೇ ಹೇಳು ತಂಗಿ. ಆ ರಾತ್ರಿ ನನ್ನ ಕ್ವಾಣ್ಯಾಗ ಯಾರರ ಬಂದಿದ್ರೇನು?"

"ಯಾರೂ ಬಂದಿಲ್ಲರಿ ಅಕ್ಕಾ," ಎಂದೆ.

ಅದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.