ಅಪ್ಪನ ಹರಳು, ನನ್ನ ಹರಳು

ನನ್ನ ಸಂಶೋಧನೆಯ ವಿಷಯವನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಬಾರದಿತ್ತು. ಹೇಳಿಬಿಟ್ಟೆ. ಪದರು ಪದರಾಗಿರುವ ದ್ರವ ಹರಳುಗಳು ಬಾಗಿದ, ಇಕ್ಕಟ್ಟಾದ ಜಾಗದಲ್ಲಿ ಹೇಗೆ ಕೂತುಕೊಳ್ಳುತ್ತವೆ ಅನ್ನುವುದೇ ನನ್ನ ಅಧ್ಯಯನ ಎಂದೆ. ಸಿಂಧನೂರಿನಲ್ಲಿ ಗೋಣಿಚೀಲದ ಅಂಗಡಿ ಇಟ್ಟಿರುವ ಅಪ್ಪ ಗಂಭೀರವಾಗಿ ತಲೆಯಾಡಿಸಿದ. ನಮ್ಮ ಕಡೆ ಹರಳು ಕೂರುವ ಬಾಗಿದ, ಇಕ್ಕಟ್ಟಾದ ಜಾಗ ಒಂದೇ: ಕಿಡ್ನಿ. ಪಿಎಚ್‌ಡಿ ಮುಗಿದು ಹೆಸರಿನ ಮುಂದೆ ಡಾಕ್ಟರ್ ಎಂದು ಬಂದದ್ದೇ ತಡ, ಅಂಗಡಿಯ ಸುತ್ತಲಿನ ಅಕ್ಕಿ ಗಿರಣಿಗಳ ಸಾಲಿಗೆಲ್ಲ ನಾನು ಹರಳಿನ ಡಾಕ್ಟರ್ ಆದೆ. ಅಲ್ಲವೆಂದು ತಿದ್ದಿದೆ. ತಿದ್ದಿದಷ್ಟೂ ಅದನ್ನು ನನ್ನ ವಿನಯ ಎಂದುಕೊಂಡರು.

ಆಮೇಲೆ ಅಪ್ಪನಿಗೇ ಹರಳಾಯಿತು. ಅಸಲಿ ಡಾಕ್ಟರು ಸ್ಕ್ಯಾನ್ ನೋಡಿ, ದೊಡ್ಡದಿದೆ, ತೆಗೆಸದಿದ್ದರೆ ಕಿಡ್ನಿಯೇ ಹೋದೀತು ಎಂದರು. ಅಪ್ಪ ಒಪ್ಪಲಿಲ್ಲ.

"ಮನಿಯಾಗ ಹರಳಿನ ಡಾಕ್ಟರ್ ಇಟಗೊಂಡು ಹೊರಗ ಹೋಗಿ ಕೊಯ್ಸಿಕೊಂಡ್ರ ಬಜಾರದಾಗ ಮಂದಿ ಏನಂತಾರ?"

ಬಾಳೆದಿಂಡಿನ ರಸ ಕುಡಿದ, ಹುರುಳಿಕಟ್ಟು ಕುಡಿದ. ಬಿಯರ್ ಕುಡಿದರೆ ಹರಳು ಜಾರುತ್ತದೆ ಎಂದು ಯಾರೋ ಹೇಳಿದರು. ಹಣೆಯ ವಿಭೂತಿ ಒರೆಸಿಕೊಂಡು ಅದನ್ನೂ ಕುಡಿದು, ಮತ್ತೆ ವಿಭೂತಿ ಹಚ್ಚಿಕೊಂಡ. ಹರಳು ಜಾರಲಿಲ್ಲ, ಅಪ್ಪ ಮಾತ್ರ ಬಚ್ಚಲಲ್ಲಿ ಜಾರಿದ. ಎತ್ತಿ ಕೂರಿಸುವಾಗ ನನಗೆ ನಗು, ಸಿಟ್ಟು, ಹೆದರಿಕೆ ಎಲ್ಲ ಒಟ್ಟಿಗೆ ಬಂದವು. ಹೆದರಿಕೆಯೇ ಹೆಚ್ಚಿತ್ತು.

ಅಷ್ಟರಲ್ಲಿ ಲಿಂಗಸುಗೂರಿನ ಕಾಲೇಜೊಂದರಲ್ಲಿ ನನ್ನ ಉಪನ್ಯಾಸ ನಿಗದಿಯಾಯಿತು. ಬೇಡವೆಂದರೂ ಅಪ್ಪ ಹೊರಟ. ಬಸ್ಸು ಮಸ್ಕಿಯಲ್ಲಿ ನಿಂತಾಗ ತನ್ನ ಹಳೆಯ ಗಿರಾಕಿಯೊಬ್ಬರನ್ನೂ ಹತ್ತಿಸಿಕೊಂಡ. ಅವರ ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ. ಇಬ್ಬರೂ ಹೋಗಿ ಸಭೆಯ ಮುಂದಿನ ಸಾಲಿನಲ್ಲೇ ಕೂತರು.

ಪರದೆಯ ಮೇಲೆ ದುಂಡನೆಯ ಹನಿಯೊಂದನ್ನು ತೋರಿಸಿದೆ. ಅದರೊಳಗೆ ಪದರುಗಳು ಉಳ್ಳಾಗಡ್ಡಿಯ ಹಾಗೆ ಒಂದರೊಳಗೊಂದು ಕೂತಿದ್ದವು. ಇವು ಬೇಕಾದ ಹಾಗೆ ಬಾಗುತ್ತವೆ, ಆದರೆ ಪದರಿನಿಂದ ಪದರಿಗೆ ಇರುವ ಅಂತರವನ್ನು ಮಾತ್ರ ಬಿಟ್ಟುಕೊಡುವುದಿಲ್ಲ, ಆ ಹಟಕ್ಕೆ ನಟ್ಟನಡುವೆ ಒಂದು ಕಡೆ ಹೊಂದಿಕೆ ತಪ್ಪಿಯೇ ತಪ್ಪುತ್ತದೆ ಎಂದೆ. ಹೇಳುತ್ತಿದ್ದದ್ದು ಹನಿಯ ಬಗ್ಗೆ, ನೋಡುತ್ತಿದ್ದದ್ದು ಅಪ್ಪನನ್ನು. ಮಸ್ಕಿಯ ಗಿರಾಕಿ ಎದ್ದು ನಿಂತರು.

"ಡಾಕ್ಟರಮ್ಮಾರ, ಇದು ತಾನ ಬೀಳತೈತೋ, ತಗಸಬೇಕೋ?"

ಹುಡುಗರು ಗೊಳ್ಳೆಂದರು. ಅಪ್ಪ ನಗಲಿಲ್ಲ. ಸೊಂಟದ ಮೇಲೆ ಕೈ ಒತ್ತಿಕೊಂಡು, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದ. ಇನ್ನು ವಿನಯ ಸಾಕೆನಿಸಿತು. ಮೈಕಿನಲ್ಲೇ ಹೇಳಿದೆ.

"ಅಪ್ಪಾ, ಇದು ಕಿಡ್ನಿ ಹರಳಲ್ಲ. ಟಿವಿ ಪರದೆಯಾಗ ಇರತಾವಲ್ಲ, ಆ ಹರಳಿನ ಬಳಗ. ನಿನ್ನ ಹರಳಿನ ಬಗ್ಗೆ ನನಗ ಒಂದಕ್ಷರ ಗೊತ್ತಿಲ್ಲ."

ಗಿರಾಕಿ ಲಕೋಟೆಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದರು. ಅಪ್ಪ ಪರದೆಯ ಮೇಲಿನ ಹನಿಯತ್ತ ಬೆರಳು ಮಾಡಿದ.

"ಇಷ್ಟು ವರ್ಸ ಓದಿದ್ದು ಇದನ್ನೇನು?"

"ಇದನ್ನ."

"ಇದು ಬ್ಯಾನಿ ಮಾಡಂಗಿಲ್ಲೇನು?"

"ಇಲ್ಲಪ್ಪ."

"ಹಂಗಾರ ಚಲೋ ಆತು ಬಿಡು," ಎಂದ. ವಾಪಸು ಬರುವಾಗ ಗಿರಾಕಿ ಮಸ್ಕಿಯಲ್ಲಿ ಇಳಿದುಹೋದರು. ಬಸ್ಸು ಊರು ದಾಟಿದ ಮೇಲೆ ಅಪ್ಪ, ನಾಳೆ ದವಾಖಾನೆಗೆ ಹೋಗೋಣ ಎಂದ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅಪ್ಪ ನನ್ನ ಕೈ ಬಿಡಲಿಲ್ಲ. "ಈಕಿನ್ನೂ ಒಳಗ ಬಿಡ್ರಿ, ಡಾಕ್ಟರ್ ಅದಾಳ," ಎಂದು ನರ್ಸಿಗೆ ಹೇಳಿದ. ಯಾವುದರ ಡಾಕ್ಟರ್ ಎಂದು ಆಕೆ ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ "ಟಿವಿದು" ಎಂದುಬಿಟ್ಟ.

"ಅಪ್ಪಾ, ಒಳಗ ಬಂದು ನಾ ಏನ್ ಮಾಡ್ಲಿ? ನನಗೇನೂ ತಿಳಿಯಂಗಿಲ್ಲ."

"ಗೊತ್ತೈತಿ ಯವ್ವಾ," ಎಂದ. "ತಿಳಿಯೋರು ಒಳಗ ಅದಾರ. ನೀ ಬರೇ ಬಾಜೂಕ ನಿಂದ್ರು."