ಯಂತ್ರ ಕೆಡದೆ ನಡೆದ ಆ ವರ್ಷ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕಡೂರಿನ ಹೊರಗಿದ್ದ ಒಂದು ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಅಜ್ಜಂಪುರದಿಂದ ದಿನಾ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದೆ. ಕೆರೆಮಣ್ಣು ಅರೆಯುವ ಯಂತ್ರಕ್ಕೆ ಬಿದ್ದು, ಬೆಲ್ಟಿನ ಮೇಲೆ ಸಾಗಿ, ಪ್ರೆಸ್ಸಿನಲ್ಲಿ ಅಚ್ಚಾಗಿ, ಹಸಿ ಹಂಚಾಗಿ ಆಚೆ ಬರಬೇಕು. ಆದರೆ ಎಲ್ಲೋ ಒಂದು ಕಡೆ ಏನೋ ಮುರಿದು ಮೇಲಿಂದ ಮೇಲೆ ಕೆಲಸವೆಲ್ಲ ನಿಂತುಬಿಡುತ್ತಿತ್ತು. ಆಗ ಎಲ್ಲರೂ ಫಿಟ್ಟರನ್ನು ಕೂಗುತ್ತಿದ್ದರು.

ಫಿಟ್ಟರು ಯಗಟಿಯವರು, ನನ್ನ ತಂದೆಯ ವಯಸ್ಸಿನವರು. ಹಣೆಯ ವಿಭೂತಿಗೆ ಮಧ್ಯಾಹ್ನದ ಹೊತ್ತಿಗೆ ಗ್ರೀಸು ಮೆತ್ತಿಕೊಂಡಿರುತ್ತಿತ್ತು.

ಧಣಿ ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಯಂತ್ರ ಕೆಟ್ಟ ಮೇಲೆ ರಿಪೇರಿ ಮಾಡುವುದಲ್ಲ, ಕೆಡದ ಹಾಗೆ ನೋಡಿಕೊಳ್ಳಬೇಕು. ಓಡಿಸುವವರೇ ದಿನಾ ತೊಳೆದು, ಎಣ್ಣೆ ಬಿಟ್ಟು, ಸಡಿಲವಾದದ್ದನ್ನು ಬಿಗಿ ಮಾಡಬೇಕು. ಅಲ್ಲಿ ಕಲಿಸಿದ್ದು ಇಷ್ಟೇ. ನನಗೆ ಅದು ಬಹಳ ಹಿಡಿಸಿತು.

ಪ್ರೆಸ್ಸಿನ ಮುಂದೆ ಕೆಲಸ ಮಾಡುತ್ತಿದ್ದ ಹೆಂಗಸು, ನಾನು ಬಂದು ಯಂತ್ರ ತೊಳೆಸಲು ಶುರುಮಾಡಿದ ಮೊದಲ ದಿನವೇ ಕೇಳಿದಳು: "ಮನೇಲೂ ತಿಕ್ಕಿ ಬಂದು ಇಲ್ಲೂ ತಿಕ್ಕಬೇಕಾ ಸಾರ್?"

ಪಕ್ಕದಲ್ಲಿದ್ದ ಫಿಟ್ಟರು ಅಂದರು: "ತೊಳೆದ್ರೆ ಮೈ ಕಾಣ್ತದೆ ಕಣಮ್ಮ. ಮೈ ಕಂಡ್ರೆ ಗಾಯ ಎಲ್ಲಿದೆ ಅಂತ ಗೊತ್ತಾಗ್ತದೆ."

ತೊಳೆದಾಗ ಅರೆಯುವ ಯಂತ್ರದ ಬುಡದಲ್ಲಿ ಕೈಯುದ್ದದ ಬಿರುಕು ಕಂಡಿತು. ಅದು ಹಸಿರು ಬಣ್ಣದ ಯಂತ್ರ ಅನ್ನುವುದೂ ನಮಗೆ ಅವತ್ತೇ ತಿಳಿದದ್ದು. ಫಿಟ್ಟರು ಅದನ್ನು ಬೆಸೆದರು. ಆಮೇಲೆ ಅವರು ಒಬ್ಬೊಬ್ಬರ ಪಕ್ಕ ನಿಂತು ಎಣ್ಣೆ ಬಿಡುವುದನ್ನು, ಬೇರಿಂಗಿನ ಸದ್ದು ಕೇಳುವುದನ್ನು ಹೇಳಿಕೊಟ್ಟರು. ಪ್ರೆಸ್ಸಿನ ಹೆಂಗಸು ಎಲ್ಲರಿಗಿಂತ ಬೇಗ ಕಲಿತಳು. ಬರಬರುತ್ತಾ ಯಂತ್ರ ನಿಲ್ಲುವುದೇ ಅಪರೂಪವಾಯಿತು. ಹಂಚು ಇಡಲು ಶೆಡ್ಡಿನಲ್ಲಿ ಜಾಗ ಸಾಲದಾಯಿತು.

ಒಂದು ಮಧ್ಯಾಹ್ನ ಧಣಿ ಬಂದಾಗ ಫಿಟ್ಟರು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಧಣಿ ನನ್ನನ್ನು ಆಫೀಸಿಗೆ ಕರೆದರು.

"ಏನಪ್ಪಾ, ಯಂತ್ರ ಕೆಡ್ತಿಲ್ಲ ತಾನೆ? ಮತ್ತೆ ಈ ಮನುಷ್ಯ ಯಾಕೆ?"

"ಅವರಿರೋದಕ್ಕೇ ಕೆಡ್ತಿಲ್ಲ ಸಾರ್."

"ಓಡಿಸೋರೇ ನೋಡ್ಕೋತಾರೆ ಅಂತ ನೀನೇ ಹೇಳ್ದೆಯಲ್ಲ."

ಹೇಳಿದ್ದು ನಿಜ. ಎಷ್ಟು ವಾದಿಸಿದರೂ ಅವರು ಅದನ್ನೇ ತಿರುಗಿಸಿ ಹೇಳಿದರು. ಆ ತಿಂಗಳೇ ಫಿಟ್ಟರನ್ನು ಕೆಲಸದಿಂದ ಬಿಡಿಸಿದರು. ಆರ್ಡರು ಜಾಸ್ತಿಯಾಗಿದೆ ಎಂದು ಬೆಳಗಿನ ತೊಳೆಯುವ ಹೊತ್ತನ್ನೂ ತೆಗೆದುಹಾಕಿದರು.

ಬಸ್ ಸ್ಟ್ಯಾಂಡಿನವರೆಗೆ ನಾನು ಫಿಟ್ಟರ ಜೊತೆ ನಡೆದೆ. ಅವರ ಸ್ಪ್ಯಾನರುಗಳು ಗೋಣಿಚೀಲದಲ್ಲಿ ಸದ್ದು ಮಾಡುತ್ತಿದ್ದವು. "ನೀವು ಕಲ್ಸಿದ್ದು ಸರಿಯಾಗೇ ಇತ್ತು ಕಣ್ರೀ," ಅಂದರು. ಅದರಲ್ಲಿ ಕೊಂಕಿರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

ಮಳೆಗಾಲಕ್ಕೆ ಮೊದಲೇ ಮಣ್ಣು ಮತ್ತೆ ಯಂತ್ರಗಳನ್ನು ಮುಚ್ಚಿತು. ಪ್ರೆಸ್ಸಿನ ಹೆಂಗಸು ನನ್ನ ಹತ್ತಿರ ಬಂದು, "ಸದ್ದು ಬೇರೆ ಥರ ಬತ್ತಾ ಇದೆ ಸಾರ್," ಅಂದಳು. ನಾನು ಧಣಿಗೆ ಹೇಳಿದೆ. ಈ ಲೋಡು ಹೋಗಲಿ ಅಂದರು. ಲೋಡು ಹೋಗುವ ಮೊದಲೇ ಪ್ರೆಸ್ಸಿನ ದೊಡ್ಡ ಶಾಫ್ಟು ತುಂಡಾಯಿತು.

ಫಿಟ್ಟರನ್ನು ಕರೆತರಲು ಧಣಿ ನನ್ನನ್ನೇ ಯಗಟಿಗೆ ಅಟ್ಟಿದರು. ಅವರು ಅಳಿಯನ ಕುರಿಗಳ ಹಿಂದೆ ಹೊಲದಲ್ಲಿದ್ದರು. ನನ್ನನ್ನು ಬೇಲಿಯ ನೆರಳಲ್ಲಿ ಕೂರಿಸಿ, ಎಲ್ಲಿ ಮುರಿಯಿತು, ಹೇಗೆ ಮುರಿಯಿತು ಎಂದು ಬಿಡಿಸಿ ಬಿಡಿಸಿ ಕೇಳಿದರು.

"ಅಲ್ಲಿ ಮುರಿದಿದ್ರೆ ನಾನು ಬಂದು ಏನ್ ಮಾಡ್ಲಿ? ಹೊಸದೇ ತರಿಸ್ಬೇಕು," ಅಂದವರು, ಬೇಲಿ ಕಡೆ ಸರಿದ ಕುರಿಯನ್ನು ಹಿಂದಕ್ಕೆ ಓಡಿಸಲು ಎದ್ದರು.

ಧಣಿ ಹೊಸದನ್ನು ತರಿಸಲಿಲ್ಲ. ಊರಲ್ಲೆಲ್ಲ ಆರ್‌ಸಿಸಿ ಮನೆಗಳು ಏಳುತ್ತಿದ್ದವು. ಹಂಚಿನ ಕಾಲ ಮುಗಿಯಿತು ಎಂದು ಕಾರ್ಖಾನೆಗೆ ಬೀಗ ಹಾಕಿಸಿದರು. ಪ್ರೆಸ್ಸಿನ ಹೆಂಗಸು ತರೀಕೆರೆ ಕಡೆ ಇಟ್ಟಿಗೆ ಹೊರಲು ಹೋದಳೆಂದು ಕೇಳಿದೆ. ನನಗೆ ಬೇರೆ ಊರಿನ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಯಂತ್ರಗಳು ದಿನಾ ಕೆಡುತ್ತಿದ್ದವು, ಮೂವರು ಫಿಟ್ಟರುಗಳು ದಿನಾ ಓಡಾಡುತ್ತಿದ್ದರು. ನಿನಗೆ ಏನಾದರೂ ಹೊಸ ವಿಧಾನ ಗೊತ್ತಾ ಎಂದು ಮ್ಯಾನೇಜರು ಒಮ್ಮೆ ಕೇಳಿದರು. ಇಲ್ಲ ಸಾರ್ ಅಂದೆ.